ಹಾಜರಿ ಶೆಡ್ಡಿನಲ್ಲಿ ಯಾರೂ ಕೈ ಎತ್ತಲಿಲ್ಲ

ಡಾಂಬರು ಧಕ್ಕೆ, ವೆಸ್ಟರ್‌ಹಾವ್ನ್
14 ಜನವರಿ 1988

ತಂಗಿ ರಿಗ್ಮೋರ್,

ಕ್ರಿಸ್‌ಮಸ್‌ಗೆ ಬಂದಾಗ ನೀನು ಮರೆತುಹೋದ ಕೈಗವಸುಗಳನ್ನು ಎಲ್ನಾ ಹಾಕಿಕೊಂಡು ಮೆರೆಯುತ್ತಿದ್ದಾಳೆ. ಬೇಕಿದ್ದರೆ ನೀನೇ ಬಂದು ನಿನ್ನ ಅತ್ತಿಗೆಯ ಕೈಯಿಂದ ಕಿತ್ತುಕೊಳ್ಳಬೇಕು, ಅದು ನನ್ನಿಂದಾಗುವ ಕೆಲಸವಲ್ಲ. ಅವಳಿಗೆ ಸ್ವಲ್ಪ ಕೆಮ್ಮು. ಚಳಿಗಾಲದ ಕೆಮ್ಮು, ಅಷ್ಟೇ.

ಈಗ ಮುಖ್ಯ ಸುದ್ದಿ. ಮೊನ್ನೆ ಮಂಗಳವಾರ ನಿಮ್ಮ ಕಂಪನಿಯ ಹಾಲ್ಬೋರ್ಗ್ ಹಡಗುಕಟ್ಟೆಗೆ, ನಮ್ಮ ಧಕ್ಕೆಗೇ ಬಂದಿದ್ದ. ಹಳೆ ಬಂದರನ್ನು ಊರಿಗೆ ಸೇರಿಸುವ ಕೆಲಸವನ್ನು ನಗರಸಭೆಯವರು ನಿಮಗೆ ಒಪ್ಪಿಸಿದ್ದಾರೆಂದು ನೀನೇ ಹೇಳಿದ್ದೆಯಲ್ಲ, ಅದರ ಸಭೆ. ಹಾಜರಿ ಶೆಡ್ಡಿನ ಗೋಡೆಗೆ ದೊಡ್ಡ ನಕ್ಷೆ ಅಂಟಿಸಿದ. ಮಾರುಕಟ್ಟೆ ಚೌಕದಿಂದ ನೇರ ನಮ್ಮ ಧಕ್ಕೆಗೆ ಒಂದು ಸೇತುವೆ, ನೀರಿನ ದಂಡೆಗುಂಟ ಓಡಾಡುವ ಹಾದಿ, ಮರಗಳು, ಬೆಂಚುಗಳು. ಎಲ್ಲ ಚೆನ್ನಾಗಿತ್ತು. ನಮ್ಮ ಮೂವತ್ತೆರಡು ಮನೆಗಳಿರುವ ಜಾಗಕ್ಕೆ ಮಾತ್ರ ಹಸಿರು ಬಣ್ಣ ಬಳಿದಿತ್ತು, ಒಂದು ಮನೆಯೂ ಇರಲಿಲ್ಲ.

'ಬಂದರನ್ನ ಊರಿಗೆ ಹತ್ತಿರ ತರೋದೇ ನಮ್ಮ ಉದ್ದೇಶ' ಅಂದ. ನಮ್ಮ ಸಂಘಕ್ಕೆ ಈಗಲೂ ಮುದುಕ ಥೋರ್ವಲ್ಡನೇ ಅಧ್ಯಕ್ಷ. ಅವನು ಎದ್ದು ಕೇಳಿದ: 'ನಾವು ಯಾವಾಗಪ್ಪ ದೂರ ಹೋಗಿದ್ವಿ? ಮಧ್ಯದಲ್ಲಿ ರೈಲು ಹಳಿ ಹಾಕಿದೋರೂ ನೀವೇ, ಬೇಲಿ ಹಾಕಿದೋರೂ ನೀವೇ.' ಹಾಲ್ಬೋರ್ಗ್ ನಕ್ಕ. ಒಳ್ಳೆಯ ಮನುಷ್ಯ, ಚಳಿಗೆ ಕಿವಿ ಕೆಂಪಾಗಿತ್ತು.

ಕೊನೆಗೆ, 'ಯಾರಿಗೆ ಆಕ್ಷೇಪ ಇದೆಯೋ ಅವರು ದಯವಿಟ್ಟು ಕೈ ಎತ್ತಿ' ಅಂದ. ಆ ಶೆಡ್ಡಿನಲ್ಲಿ, ಕೋಟು ಹಾಕಿದವನ ಮುಂದೆ ಕೈ ಎತ್ತುವುದೆಂದರೇನು ಅಂತ ಅವನಿಗೆ ಯಾರು ಹೇಳಬೇಕು? ಬೆಳಗಿನ ಹಾಜರಿಯಲ್ಲಿ ಕೈ ಎತ್ತುವವನು ಕೆಲಸ ಬೇಡುವವನು, ಜೇಬಿಗೆ ಹಾಕಿದವನು ಒಲ್ಲೆ ಅನ್ನುವವನು. ಥೋರ್ವಲ್ಡ್ ಎರಡೂ ಕೈಗಳನ್ನು ಜೇಬಿಗೆ ತುರುಕಿದ. ಅವನ ಹಿಂದೆ ನಾನು, ನನ್ನ ಹಿಂದೆ ಎಲ್ಲರೂ. ಎಲ್ನಾ ಏಪ್ರನ್ನಿನ ಜೇಬಿಗೆ ಹಾಕಿದಳು. ಒಟ್ಟು ಐವತ್ತಮೂರು ಜನ. ನಮ್ಮ ಧಕ್ಕೆಯ ಪ್ರೆಬೆನ್ ಮದುವೆಯಾಗಿ ಕರೆತಂದ ಲೋನೆ ಊರ ಕಡೆಯವಳು, ಟೀಚರು. ಅವಳು ಅರ್ಧ ಕೈ ಎತ್ತಿದಳು. ಪ್ರೆಬೆನ್ ಹಿಡಿದು ಇಳಿಸಿದ: 'ಕೈ ಇಳಿಸೇ ಮಾರಾಯ್ತಿ, ನಿನಗೇನು ಮೂಟೆ ಹೊರೋ ಕೆಲಸ ಬೇಕಾ?'

ಐವತ್ತೊಂದರ ಚಳಿಗಾಲ ನಿನಗೆ ನೆನಪಿರಬೇಕು. ಏಳು ವರ್ಷದವಳು ನೀನು, ಅಪ್ಪನ ಬುತ್ತಿ ಹಿಡಿದು ಎಲ್ನಾಳ ಜೊತೆ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದೆ. ಸುಟ್ಟ ಸುಣ್ಣ ತುಂಬಿದ ಹಡಗಿನ ಹೆಸರನ್ನು ಮೇಸ್ತ್ರಿ ಮೂರು ಸಲ ಕೂಗಿದ. ನೂರು ಜನ ಜೇಬಿನಲ್ಲಿ ಕೈಯಿಟ್ಟು ನಿಂತರು. ಮೇಸ್ತ್ರಿ ವಾಪಸ್ಸು ಹೋಗಿ ಮುಖಕ್ಕೆ ಕಟ್ಟಲು ಬಟ್ಟೆಯನ್ನೂ ಕಡಿಮೆ ಹೊತ್ತಿನ ಪಾಳಿಯನ್ನೂ ತರಬೇಕಾಯಿತು. ಹಾಲ್ಬೋರ್ಗನೂ ಹಾಗೇ ಹೋಗಿದ್ದಾನೆ. ನಮ್ಮನ್ನೆಲ್ಲ ನೋಡಿ ಏನೋ ಬರೆದುಕೊಂಡ. ಮನೆಗಳನ್ನು ಉಳಿಸಿದ ನಕ್ಷೆ ತರುತ್ತಾನೆ, ನೋಡುತ್ತಿರು.

ನಿನ್ನ ಅಣ್ಣ
ಈವಾಲ್ಡ್

ಕೋಪನ್‌ಹೇಗನ್
24 ಜನವರಿ 1988

ಪ್ರೀತಿಯ ಅಣ್ಣ,

ನಿನ್ನ ಕಾಗದ ಓದಿ ನಕ್ಕೆ. ಕೈಗವಸು ಅತ್ತಿಗೆಗೇ ಇರಲಿ. ಹಾಲ್ಬೋರ್ಗ್ ನಿಮ್ಮೆಲ್ಲರನ್ನೂ ಹೊಗಳಿದ. ಅಷ್ಟು ಗಟ್ಟಿ ಕಾಫಿಯನ್ನು ಜನ್ಮದಲ್ಲಿ ಕುಡಿದಿರಲಿಲ್ಲವಂತೆ.

ಸಭೆಯ ವಿಷಯ ಅಲ್ಲಿಗೆ ಮುಗಿದಂತಲ್ಲ ಅಣ್ಣ. ಇಂಥ ಕೆಲಸಗಳು ನಿಧಾನ, ಹತ್ತು ಮೇಜು ದಾಟಬೇಕು. ಒಂದು ಮಾತು ಕೇಳಲೇ? ನಿಮ್ಮ ಮನೆಯ ಉತ್ತರ ದಿಕ್ಕಿನ ಗೋಡೆ ಈ ವರ್ಷ ಹೇಗಿದೆ? ನಾನು ಚಿಕ್ಕವಳಿದ್ದಾಗಲೇ ಅದರ ಮೇಲೆ ಬೆರಳಲ್ಲಿ ಹೆಸರು ಬರೆಯಬಹುದಿತ್ತು, ಅಷ್ಟು ತೇವ. ಸ್ನಾನಕ್ಕೆ ಈಗಲೂ ಅಂಗಳ ದಾಟಿ ಹೋಗುತ್ತೀರಿ. ಅತ್ತಿಗೆಯ ಕೆಮ್ಮಿಗೆ ಆ ಗೋಡೆಯೇ ಕಾರಣ ಅಂತ ನನಗನಿಸುತ್ತದೆ. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವಳು ಅವಳು, ಅವಳಿಗೆ ಬೆಚ್ಚಗಿನ ಮನೆ ಸಿಗಲಿ ಅಂತ ನಾನು ಆಸೆಪಟ್ಟರೆ ತಪ್ಪೇ?

ನನಗೆ ಆಫೀಸಿನಲ್ಲಿ ಹೊಸ ಜಾಗ ಕೊಟ್ಟಿದ್ದಾರೆ, ಕಿಟಕಿಯ ಪಕ್ಕ. ಕೆಲಸ ಜಾಸ್ತಿ.

ನಿನ್ನ
ರಿಗ್ಮೋರ್

ಡಾಂಬರು ಧಕ್ಕೆ
14 ಫೆಬ್ರವರಿ 1988

ತಂಗಿ ರಿಗ್ಮೋರ್,

ಗೋಡೆಯನ್ನು ಬೈಯುವ ಹಕ್ಕು ನನ್ನೊಬ್ಬನದು. ನಲವತ್ತು ವರ್ಷ ಬೈದಿದ್ದೇನೆ, ಅದೂ ಕೇಳಿಸಿಕೊಂಡಿದೆ, ನಾವಿಬ್ಬರೂ ಚೆನ್ನಾಗಿದ್ದೇವೆ.

ಎಲ್ನಾ ಓಡೆನ್ಸೆಯಲ್ಲಿರುವ ಅಕ್ಕನ ಮನೆಗೆ ಹತ್ತು ದಿನಕ್ಕೆ ಹೋಗಿದ್ದಾಳೆ. ಅಡುಗೆ ನನ್ನದೇ. ರೈ ಬ್ರೆಡ್ಡು, ಉಪ್ಪಿನಲ್ಲಿಟ್ಟ ಹೆರಿಂಗ್ ಮೀನು. ಮರುದಿನ ಹೆರಿಂಗ್, ರೈ ಬ್ರೆಡ್ಡು. ಬೇಸರವೇನಿಲ್ಲ.

ಹಾಲ್ಬೋರ್ಗ್ ಇನ್ನೂ ಬಂದಿಲ್ಲ. ಧಕ್ಕೆಯಲ್ಲಿ ಎಲ್ಲರೂ ಖುಷಿಯಾಗಿದ್ದಾರೆ. ಲೋನೆಗೆ ಮಾತ್ರ ಸಮಾಧಾನವಿಲ್ಲ. ನಿನ್ನೆ ಕಾಫಿಗೆ ಬಂದವಳು, 'ಈವಾಲ್ಡ್, ಬರವಣಿಗೆಯಲ್ಲಿ ಏನಾದ್ರೂ ಕೊಡಬೇಕಾಗಿತ್ತೇನೋ. ಊರಿನೋರಿಗೆ ನಿಮ್ಮ ಜೇಬಿನ ಭಾಷೆ ಬರಲ್ಲ' ಅಂದಳು. ಅಲ್ಲೇ ಕೂತಿದ್ದ ಥೋರ್ವಲ್ಡ್ ಸಿಟ್ಟಾದ. 'ಮುಖಕ್ಕೆ ಹೇಳಿದ ಮೇಲೆ ಕಾಗದದಲ್ಲಿ ಬೇರೆ ಹೇಳಬೇಕಾ? ಕಂಪನಿ ಒಳಗೇ ಇದ್ದಾಳಲ್ಲ ನಮ್ಮ ರಿಗ್ಮೋರ್, ಬೇಕಿದ್ರೆ ಅವಳೇ ಹೇಳ್ತಾಳೆ' ಅಂದ.

ಅದನ್ನೇ ನಿನ್ನಲ್ಲಿ ಕೇಳುತ್ತಿದ್ದೇನೆ. ಏನಾದರೂ ಬರೆದು ಕೊಡಬೇಕೇ? ಬೇಕಿದ್ದರೆ ಒಂದು ಸಾಲು ಹಾಕು, ಮೂವತ್ತೆರಡು ಮನೆಯವರೂ ಅವತ್ತೇ ಸಹಿ ಮಾಡುತ್ತೇವೆ. ನೀನು ಸುಮ್ಮನಿದ್ದರೆ ಬೇಡ ಅಂತ ತಿಳಿದುಕೊಳ್ಳುತ್ತೇವೆ.

ಈವಾಲ್ಡ್

ಕೋಪನ್‌ಹೇಗನ್
22 ಫೆಬ್ರವರಿ 1988 (ಅಂಚೆಗೆ ಹಾಕಲಿಲ್ಲ)

ಅಣ್ಣ,

ಬರೆದು ಕೊಡಬೇಕು. ಮಾರ್ಚ್ ಒಂದರೊಳಗೆ ನಗರಸಭೆಗೆ ತಲುಪಬೇಕು. ಇವತ್ತೇ ಮಾಡಿ.

ಹಾಲ್ಬೋರ್ಗ್ ಸಭೆಯಿಂದ ತಂದ ಕೈಬರಹದ ಟಿಪ್ಪಣಿ ನನ್ನ ಮೇಜಿಗೇ ಬಂತು, ವರದಿ ಮಾಡುವವಳು ನಾನು. ಅವನು ಬರೆದಿದ್ದ: 'ಹಾಜರಿದ್ದವರು ಐವತ್ತಮೂರು. ಆಕ್ಷೇಪಕ್ಕೆ ಯಾರೂ ಕೈ ಎತ್ತಲಿಲ್ಲ. ಎಲ್ಲರೂ ಎರಡೂ ಕೈಗಳನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದರು, ಬಹುಶಃ ಚಳಿಗೆ.' ಆ ಕೊನೆಯ ಸಾಲನ್ನು ಎರಡು ಸಲ ಓದಿದೆ. ಇಡೀ ಆಫೀಸಿನಲ್ಲಿ ಅದರ ಅರ್ಥ ಗೊತ್ತಿದ್ದವಳು ನಾನೊಬ್ಬಳೇ. ಹಾಲ್ಬೋರ್ಗ್‌ಗೆ ಹೇಳಲು ಎದ್ದೆ. ಮತ್ತೆ ಕೂತೆ. ಹೇಳಿದರೆ ನಕ್ಷೆ ವಾಪಸ್ಸು, ಇಡೀ ಕೆಲಸ ವಾಪಸ್ಸು, ಧಕ್ಕೆಯವಳನ್ನು ಈ ಕುರ್ಚಿಯಲ್ಲಿ ಕೂರಿಸಿದ್ದೇ ತಪ್ಪಾಯಿತು ಅನ್ನುತ್ತಾರೆ. ನಿಮ್ಮ ಗೋಡೆ, ಅಂಗಳ, ಅತ್ತಿಗೆಯ ಕೆಮ್ಮು, ಎಲ್ಲ ನೆನಪು ಮಾಡಿಕೊಂಡೆ. ಇವರಿಗೆ ಒಳ್ಳೆಯದೇ ಆಗುತ್ತದೆ ಅಂದುಕೊಂಡೆ. ಸ್ಕೇಲು ಇಟ್ಟು ಆ ಸಾಲನ್ನು ಹೊಡೆದುಹಾಕಿದೆ. 'ಆಕ್ಷೇಪಗಳಿರಲಿಲ್ಲ' ಎಂದು ಬರೆದೆ.

ನಾಳೆ ಬೆಳಿಗ್ಗೆ ಆಫೀಸಿಗೆ ಹೋಗುವಾಗ ಈ ಕಾಗದವನ್ನು ಡಬ್ಬಿಗೆ ಹಾಕುತ್ತೇನೆ.

ರಿಗ್ಮೋರ್

ಕೋಪನ್‌ಹೇಗನ್
4 ಮಾರ್ಚ್ 1988

ಅಣ್ಣ, ಎರಡು ವಾರದಿಂದ ಜ್ವರ, ಮೇಲೆ ಕೆಲಸ. ಉತ್ತರ ತಡವಾಯಿತು, ಕ್ಷಮಿಸು. ಅತ್ತಿಗೆ ಓಡೆನ್ಸೆಯಿಂದ ಬಂದಳೇ? ಈಸ್ಟರ್‌ಗೆ ಬರಲು ನೋಡುತ್ತೇನೆ.

ರಿ.

ಡಾಂಬರು ಧಕ್ಕೆ
19 ಏಪ್ರಿಲ್ 1988

ರಿಗ್ಮೋರ್,

ಈಸ್ಟರ್‌ಗೆ ಎಲ್ನಾ ನಿನಗಾಗಿ ಕುರಿಮಾಂಸ ಬೇಯಿಸಿ ಕಾದಳು. ಇರಲಿ.

ನೋಟೀಸು ಬಂದಿದೆ. ಪ್ರತಿ ಮನೆಯ ಬಾಗಿಲಿಗೂ ಒಂದೊಂದು. ಆಗಸ್ಟ್ ಕೊನೆಯೊಳಗೆ ಖಾಲಿ ಮಾಡಬೇಕಂತೆ. ಊರಾಚೆ ಸ್ಕೋವ್‌ಪಾರ್ಕನ್ ಬಡಾವಣೆಯಲ್ಲಿ ಫ್ಲ್ಯಾಟು ಕೊಡುತ್ತಾರೆ, ಎಲ್ಲರಿಗೂ ಒಂದೇ ಕಟ್ಟಡದಲ್ಲಲ್ಲ. ಅದರ ಕೆಳಗೆ ಹೀಗೆ ಬರೆದಿದೆ: 'ನಿವಾಸಿಗಳ ಸಭೆಯಲ್ಲಿ ಐವತ್ತಮೂರು ಜನರಿದ್ದು, ಆಕ್ಷೇಪಗಳಿರಲಿಲ್ಲ. ಲಿಖಿತ ಆಕ್ಷೇಪಗಳೂ ಬಂದಿಲ್ಲ.'

ಥೋರ್ವಲ್ಡ್ ಅದನ್ನು ಶೆಡ್ಡಿನಲ್ಲಿ ನಿಂತು ಗಟ್ಟಿಯಾಗಿ ಓದಿದ. ಎರಡನೇ ಸಲ ಓದಲು ಹೋಗಿ ಹಾಳೆಯನ್ನು ನನ್ನ ಕೈಗೆ ಕೊಟ್ಟ. ಎಂಬತ್ತೊಂದು ವರ್ಷದ ಮನುಷ್ಯ, ಕೂತುಬಿಟ್ಟ. 'ಐವತ್ತಮೂರು ಜನ ಬೇಡ ಅಂದ್ವಿ. ಇನ್ನೂ ಎಷ್ಟು ಗಟ್ಟಿಯಾಗಿ ಬೇಡ ಅನ್ನಬೇಕಾಗಿತ್ತು?' ಅಂದ. ಲೋನೆ ಅಳುತ್ತಿದ್ದಳು. ಯಾರೂ ಅವಳಿಗೆ ನೀನು ಹೇಳಿದ್ದೇ ಸರಿ ಅನ್ನಲಿಲ್ಲ. ನಾನೂ ಅನ್ನಲಿಲ್ಲ. ಅದು ನನ್ನ ತಪ್ಪು.

ಆ ಹಾಲ್ಬೋರ್ಗ್ ನಮ್ಮನ್ನು ಕಣ್ಣಾರೆ ನೋಡಿದ್ದ. ಬರೆದುಕೊಂಡಿದ್ದ. ಆಮೇಲೆ ಈ ಸುಳ್ಳು ಬರೆದವರು ಯಾರು, ಹುಡುಕಿ ಹೇಳು. ಎಲ್ನಾಳಿಗೆ ಮಾತ್ರ ಒಂದಿಷ್ಟೂ ಗಾಬರಿಯಿಲ್ಲ. 'ರಿಗ್ಮೋರ್ ಇದ್ದಾಳಲ್ಲ. ಅವಳು ಬಿಡ್ತಾಳಾ?' ಅಂತ ಅಂಗಡಿಯಲ್ಲಿ, ಚರ್ಚಿನಲ್ಲಿ, ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಾಳೆ.

ಈವಾಲ್ಡ್

ಕೋಪನ್‌ಹೇಗನ್
8 ಮೇ 1988

ಪ್ರೀತಿಯ ಅಣ್ಣ,

ಕೇಳಿ ನೋಡಿದೆ. ಅವಧಿ ಮುಗಿದಿದೆ, ಇನ್ನು ಕಾನೂನಿನಲ್ಲಿ ದಾರಿಯಿಲ್ಲ ಅನ್ನುತ್ತಾರೆ. ವರದಿಗಳು ಹಲವರ ಕೈ ದಾಟಿ ಹೋಗುತ್ತವೆ, ಇಂಥವರೇ ಎಂದು ಹೇಳುವುದು ಕಷ್ಟ.

ಸ್ಕೋವ್‌ಪಾರ್ಕನ್ ಫ್ಲ್ಯಾಟುಗಳ ನಕ್ಷೆ ನೋಡಿದೆ. ನಿಮ್ಮದು ಒಂಬತ್ತನೇ ಮಹಡಿ, ಲಿಫ್ಟ್ ಇದೆ, ನಲ್ಲಿಯಲ್ಲಿ ಬಿಸಿನೀರು, ದಕ್ಷಿಣಕ್ಕೆ ಬಾಲ್ಕನಿ. ಅತ್ತಿಗೆ ಬಿಸಿಲಲ್ಲಿ ಕೂರಬಹುದು. ಮುಂದಿನ ಚಳಿಗಾಲ ಅವಳು ಕೆಮ್ಮುವುದಿಲ್ಲ, ನೋಡು. ಒಂದು ವರ್ಷ ಕಳೆದರೆ ನೀನೇ ನನಗೆ ಹಾಗೆ ಬರೆಯುತ್ತೀ ಅಂತ ಮನಸ್ಸಿಗೆ ಹೇಳಿಕೊಳ್ಳುತ್ತಿದ್ದೇನೆ. ಸಾಮಾನು ಸಾಗಿಸಲು ಬರಲೇ?

ರಿಗ್ಮೋರ್

ಸ್ಕೋವ್‌ಪಾರ್ಕನ್, ಒಂಬತ್ತನೇ ಮಹಡಿ
25 ಸೆಪ್ಟೆಂಬರ್ 1988

ರಿಗ್ಮೋರ್,

ಐದು ತಿಂಗಳು ನಾನು ಬರೆಯಲಿಲ್ಲ. ನೀನು ಮೂರು ಸಲ ಬರೆದೆ, ತಲುಪಿವೆ.

ನಿನಗೊಂದು ಸುಳ್ಳು ಹೇಳಿದ್ದೆ, ಅದನ್ನು ಈಗ ಸರಿಮಾಡುತ್ತೇನೆ. ಫೆಬ್ರವರಿಯಲ್ಲಿ ಎಲ್ನಾ ಓಡೆನ್ಸೆಗೆ ಹೋಗಿರಲಿಲ್ಲ, ಆಸ್ಪತ್ರೆಯಲ್ಲಿದ್ದಳು. ಕೆಮ್ಮಲ್ಲ ಅದು, ಶ್ವಾಸಕೋಶದಲ್ಲಿ ಗಡ್ಡೆ. ಚಳಿಗಾಲ ಬರುವವರೆಗೆ ಇರಬಹುದು ಅಂತ ಡಾಕ್ಟರು ಆಗಲೇ ಹೇಳಿದ್ದರು. ಗೋಡೆಗೂ ಅದಕ್ಕೂ ಸಂಬಂಧವಿಲ್ಲ, ನಾನು ಕೇಳಿ ನೋಡಿದ್ದೇನೆ. ನಿನಗೆ ಬರೆಯುತ್ತೇನೆ ಅಂದರೆ ಅವಳು ಬಿಡಲಿಲ್ಲ. 'ಅವಳಿಗೆ ಅಲ್ಲಿ ನಮ್ಮ ಕೆಲಸವೇ ಕುತ್ತಿಗೆವರೆಗೆ ಇದೆ, ಮೇಲೆ ಇದೂ ಯಾಕೆ?' ಅಂದಳು.

ಅವಳು ಕೇಳಿದ್ದು ಒಂದೇ. ಕೊನೆಯ ದಿನಗಳನ್ನು ಧಕ್ಕೆಯ ಮನೆಯ ಅಡುಗೆಕೋಣೆಯಲ್ಲಿ ಕಳೆಯಬೇಕು. ಕಿಟಕಿಯ ಕೆಳಗೆ ಮಂಚ ಹಾಕಬೇಕು, ಹೋಗುವವರು ಬರುವವರು ಗಾಜು ತಟ್ಟಿ ಮಾತಾಡಿಸಬೇಕು. ಆಗಲಿ ಅಂತ ಮಾತು ಕೊಟ್ಟಿದ್ದೆ. ನಲವತ್ತು ವರ್ಷ ಭಾರ ಹೊತ್ತವನಿಗೆ ಅದೊಂದು ಮಂಚ ಹೊರುವುದೇನು ದೊಡ್ಡದು ಅಂದುಕೊಂಡಿದ್ದೆ.

ಇಲ್ಲಿ ಒಂಬತ್ತನೇ ಮಹಡಿಯ ಕಿಟಕಿಯನ್ನು ಯಾರು ತಟ್ಟುತ್ತಾರೆ? ನಲ್ಲಿಯಲ್ಲಿ ಬಿಸಿನೀರು ಬರುತ್ತದೆ, ನೀನು ಹೇಳಿದ್ದು ನಿಜ. ಥೋರ್ವಲ್ಡ್ ಎರಡು ಬಸ್ಸು ಬದಲಿಸಿ ಒಮ್ಮೆ ಬಂದ, ಲಿಫ್ಟ್ ಕೆಟ್ಟಿತ್ತು, ಐದನೇ ಮಹಡಿಯಿಂದ ವಾಪಸ್ಸು ಹೋದ. ಧಕ್ಕೆಯ ಮನೆಗಳ ಹೆಂಚು ತೆಗೆದಿದ್ದಾರೆ. ಎಲ್ನಾಳಿಗೆ ಅದನ್ನು ಹೇಳಿಲ್ಲ. ಅವಳು, ರಿಗ್ಮೋರ್ ನಮಗಾಗಿ ಓಡಾಡುತ್ತಿದ್ದಾಳೆ, ಕ್ರಿಸ್‌ಮಸ್‌ಗೆ ಮೊದಲು ವಾಪಸ್ಸು ಹೋಗಬಹುದು ಅಂತ ನಂಬಿದ್ದಾಳೆ.

ಆ ಸುಳ್ಳು ಬರೆದವರು ಯಾರೆಂದು ಹುಡುಕಲು ಹೇಳಿದ್ದೆ. ಇನ್ನು ಹುಡುಕಬೇಡ.

ಈವಾಲ್ಡ್

ಕೋಪನ್‌ಹೇಗನ್
9 ಅಕ್ಟೋಬರ್ 1988

ಅಣ್ಣ,

ನಾನು. ಬರೆದವಳು ನಾನು.

ಇದರ ಜೊತೆ ಫೆಬ್ರವರಿ 22ರ ಕಾಗದವಿದೆ. ಎಂಟು ದಿನ ಅದು ನನ್ನ ಕೈಚೀಲದಲ್ಲಿತ್ತು. ದಿನಾ ಅಂಚೆ ಡಬ್ಬಿಯ ಮುಂದೆ ನಿಲ್ಲುತ್ತಿದ್ದೆ. ಮಾರ್ಚ್ ಒಂದು ದಾಟಿದ ಮೇಲೆ ನಿಲ್ಲುವುದನ್ನೂ ಬಿಟ್ಟೆ. ಜ್ವರವಿರಲಿಲ್ಲ.

ನಿಮಗೆ ಏನು ಬೇಕೆಂದು ನಾನು ಕೇಳಲಿಲ್ಲ, ನನಗೇ ಗೊತ್ತು ಅಂದುಕೊಂಡೆ. ಅತ್ತಿಗೆಯ ವಿಷಯ ಗೊತ್ತಿದ್ದಿದ್ದರೆ ಆ ಸಾಲು ಹೊಡೆಯುತ್ತಿರಲಿಲ್ಲ ಅಣ್ಣ, ಆಣೆ ಮಾಡಿ ಹೇಳುತ್ತೇನೆ. ಆದರೆ ಗೊತ್ತಿಲ್ಲದಿದ್ದಾಗ ಹೊಡೆದೆನಲ್ಲ, ಅದಕ್ಕೇನು ಹೇಳಲಿ. ನನ್ನ ಜಡೆ ಹೆಣೆದು ಶಾಲೆಗೆ ಕಳಿಸಿದವಳು ಅವಳು.

ದಯವಿಟ್ಟು ಈ ಕಾಗದವನ್ನು ಅತ್ತಿಗೆಗೆ ಓದಿ ಹೇಳು. ನನ್ನನ್ನು ನಂಬಿಕೊಂಡು ಅವಳು ಕಾಯುವುದನ್ನು ಸಹಿಸಲಾರೆ. ಅವಳು ಬೈದರೆ ಬೈಯಲಿ. ನೀನು ಬಾ ಅಂದರೆ ಅವತ್ತೇ ರೈಲು ಹತ್ತುತ್ತೇನೆ. ನೀನು ಕರೆಯದೆ ಬರುವ ಮುಖ ನನಗಿಲ್ಲ.

ರಿಗ್ಮೋರ್

ಸ್ಕೋವ್‌ಪಾರ್ಕನ್
30 ಅಕ್ಟೋಬರ್ 1988

ರಿಗ್ಮೋರ್,

ಎಲ್ನಾ ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ತೀರಿಕೊಂಡಳು. ನಾನು ಪಕ್ಕದಲ್ಲಿದ್ದೆ. ಕಿಟಕಿಯಲ್ಲಿ ಬರೀ ಆಕಾಶವಿತ್ತು.

ನಿನ್ನ ಕಾಗದದಲ್ಲಿದ್ದದ್ದು ನನಗೆ ಜೂನ್‌ನಲ್ಲೇ ಗೊತ್ತಿತ್ತು. ನಗರಸಭೆಗೆ ಹೋಗಿ ನಮ್ಮ ಕಡತ ತೋರಿಸಿ ಅಂದೆ. ಅಲ್ಲಿದ್ದ ಹೆಂಗಸು ಒಳ್ಳೆಯವಳು, ಕುರ್ಚಿ ಹಾಕಿ ಕೊಟ್ಟಳು. ಹಾಲ್ಬೋರ್ಗ್‌ನ ಹಾಳೆಯಲ್ಲಿ ಒಂದು ಸಾಲು ಹೊಡೆದಿತ್ತು, ಆದರೂ ಓದಬಹುದಿತ್ತು. ಪಕ್ಕದಲ್ಲಿ ತಿದ್ದಿದ ಅಕ್ಷರ ನಿನ್ನದು. ನಿನಗೆ ಆ ಅಕ್ಷರ ಕಲಿಸಿದವಳು ಎಲ್ನಾ, ನಮ್ಮ ಅಡುಗೆಮನೆಯ ಮೇಜಿನ ಮೇಲೆ. ನನಗೆ ಗುರುತು ಸಿಗದೇ ಇರುತ್ತದೆಯೇ? ಕಡತ ಮುಚ್ಚಿ ಬಂದೆ. ಯಾರಿಗೂ ಹೇಳಲಿಲ್ಲ. ನೀನೇ ಹೇಳುತ್ತೀಯಾ ಅಂತ ಬೇಸಿಗೆಯಿಡೀ ಕಾದೆ. ನಾನು ಎಲ್ನಾಳ ಕಾಯಿಲೆಯ ವಿಷಯ ಬರೆದ ಮೇಲಷ್ಟೇ ನೀನು ಹೇಳಿದೆ.

ಆ ಕಾಗದ ಬಂದ ದಿನ ಅವಳು ಲಕೋಟೆ ನೋಡಿಬಿಟ್ಟಳು. 'ರಿಗ್ಮೋರಂದಾ? ಓದು' ಅಂದಳು. ಓದಿದೆ. ನೀನು ಬರೆದದ್ದನ್ನಲ್ಲ. ಹಾಳೆಯನ್ನು ಮುಖದ ಮುಂದೆ ಹಿಡಿದು, ನೀನು ದೊಡ್ಡವರನ್ನೆಲ್ಲ ಕಂಡು ಬಂದಿದ್ದೀ, ಮೇಜು ಗುದ್ದಿ ಮಾತಾಡಿದ್ದೀ, ನಮ್ಮ ಮನೆ ಉಳಿಯುವ ಹಾಗಿದೆ ಅಂತ ಬಾಯಿಗೆ ಬಂದದ್ದನ್ನೆಲ್ಲ ಓದಿದೆ. ಜನ್ಮದಲ್ಲಿ ಅಷ್ಟು ಚೆನ್ನಾಗಿ ಸುಳ್ಳು ಹೇಳಿರಲಿಲ್ಲ. ಅವಳು ಕಣ್ಣು ಮುಚ್ಚಿ ಕೇಳಿದಳು. 'ನಾನು ಹೇಳಿರಲಿಲ್ವಾ ಈವಾಲ್ಡ್? ಪಾಪ, ಹುಡುಗಿ ಒಬ್ಬಳೇ ಒದ್ದಾಡ್ತಿದ್ದಾಳೆ' ಅಂದಳು. ಇನ್ನೊಂದು ಸಲ ಓದಿಸಿಕೊಂಡಳು. ಎರಡನೇ ಸಲ ಓದುವಾಗ ಮೊದಲು ಏನು ಹೇಳಿದ್ದೆ ಅನ್ನುವುದೇ ಮರೆತುಹೋಗಿತ್ತು, ಅವಳೇ ನೆನಪಿಸಿದಳು.

ಕೊನೆಯಲ್ಲಿ ನಿನ್ನನ್ನು ಕೇಳಿದಳು. ಕೆಲಸದಲ್ಲಿದ್ದಾಳೆ ಅಂದೆ. ನಿನ್ನನ್ನು ಕರೆಯದೇ ಇದ್ದದ್ದು ನನ್ನ ನಿರ್ಧಾರ. ಕರೆದಿದ್ದರೆ ನೀನು ಅವಳ ಮುಂದೆ ಎಲ್ಲ ಹೇಳಿಬಿಡುತ್ತಿದ್ದೆ. ಅದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ, ಅದರ ಭಾರ ನನಗಿರಲಿ.

ಶವಸಂಸ್ಕಾರ ಮುಂದಿನ ಶನಿವಾರ, ಐದರಂದು, ಮಧ್ಯಾಹ್ನ ಒಂದಕ್ಕೆ, ಬಂದರಿನ ಚರ್ಚಿನಲ್ಲಿ. ಆಮೇಲೆ ಕಾಫಿ ಹಾಜರಿ ಶೆಡ್ಡಿನಲ್ಲಿ. ಅದನ್ನು ಹಾಗೇ ಉಳಿಸಿ ಊಟದ ಹೋಟೆಲು ಮಾಡುತ್ತಾರಂತೆ. ಒಂದು ಮಧ್ಯಾಹ್ನದ ಮಟ್ಟಿಗೆ ಬಿಟ್ಟುಕೊಟ್ಟಿದ್ದಾರೆ. ಧಕ್ಕೆಯವರು ಎಲ್ಲೆಲ್ಲಿಂದಲೋ ಬಸ್ಸು ಹಿಡಿದು ಬರುತ್ತಾರೆ.

ನೀನು ಬರಬೇಕು. ಮೊದಲ ಬೆಂಚಿನಲ್ಲಿ, ನನ್ನ ಪಕ್ಕದಲ್ಲಿ ಕೂರಬೇಕು. ಎಲ್ಲರೂ ನಿನ್ನ ಕೈ ಕುಲುಕುತ್ತಾರೆ, ಯಾಕೆಂದರೆ ನೀನು ನಮಗಾಗಿ ಹೋರಾಡಿದೆ ಅಂತ ಎಲ್ನಾ ಒಬ್ಬೊಬ್ಬರಿಗೂ ಹೇಳಿದ್ದಾಳೆ. ಬರಲಾಗದವರಿಗೆ ಫೋನು ಮಾಡಿಸಿ ಹೇಳಿದ್ದಾಳೆ. ನಿನಗೆ ಧನ್ಯವಾದ ಹೇಳಲು ಥೋರ್ವಲ್ಡ್ ಎರಡು ಪುಟ ಬರೆದುಕೊಂಡಿದ್ದಾನೆ. ನಿಂತು ಪೂರ್ತಿ ಕೇಳು. ನಿಜ ಹೇಳಬೇಕು ಅಂತ ನಿನಗೆ ಅಲ್ಲಿ ತಡೆಯಲಾಗದಷ್ಟು ಅನ್ನಿಸುತ್ತದೆ. ಹೇಳಬೇಡ. ಹೇಳಿದರೆ ನಿನ್ನ ಮನಸ್ಸು ಹಗುರಾಗುತ್ತದೆ, ಎಲ್ನಾ ಊರೆಲ್ಲ ಸುಳ್ಳು ಸಾರಿಕೊಂಡು ಸತ್ತ ಮುದುಕಿಯಾಗುತ್ತಾಳೆ. ಅದಕ್ಕೆ ನಾನು ಬಿಡುವುದಿಲ್ಲ.

ಐದೂವರೆಗೆ ಕೋಪನ್‌ಹೇಗನ್ ರೈಲು ಇದೆ. ಅಲ್ಲಿಯವರೆಗೆ ನೀನು ನನ್ನ ತಂಗಿ. ಆಮೇಲೆ ನನಗೆ ಕಾಗದ ಬರೆಯಬೇಡ.

ಕಪ್ಪು ಕೋಟು ಇಲ್ಲದಿದ್ದರೆ ಹೊಸದು ಕೊಳ್ಳಬೇಡ. ಎಲ್ನಾಳದು ನಿನಗೆ ಸರಿಯಾಗುತ್ತದೆ, ತೆಗೆದಿಟ್ಟಿದ್ದೇನೆ.

ಈವಾಲ್ಡ್